ಅಕ್ಕನ ಮುಲ್ಕಿ ಪರೀಕ್ಷೆ

ಬಾಗಲಕೋಟೆಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಮೂವತ್ತು ವರ್ಷ ತರ್ಕಶಾಸ್ತ್ರ ಕಲಿಸಿದೆ. ಒಂದು ಹೇಳಿಕೆ ಸತ್ಯವಾಗಿರಬೇಕು ಇಲ್ಲವೇ ಅಸತ್ಯವಾಗಿರಬೇಕು, ಏಕಕಾಲಕ್ಕೆ ಎರಡೂ ಆಗಿರಲಾರದು ಎಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಕರಿಹಲಗೆಯ ಮೇಲೆ ಬರೆಯುವುದು ನನ್ನ ನೌಕರಿಯ ಭಾಗವಾಗಿತ್ತು. ಆದರೆ ತಾಸು ಮುಗಿಸಿ ಸ್ಟಾಫ್ ರೂಮಿಗೆ ಬಂದು ಚಹಾದ ಕಪ್ಪು ಹಿಡಿದೆನೆಂದರೆ ನನ್ನ ಬಾಯಿಂದ ಬರುತ್ತಿದ್ದುದು ಬೇರೆಯೇ ಮಾತು. "ಅವರವರ ಖರೆ ಅವರವರಿಗೆ ಬಿಡ್ರಿ" ಎನ್ನುತ್ತಿದ್ದೆ. ದೇವರಿದ್ದಾನೋ ಇಲ್ಲವೋ ಎಂದು ಭೌತಶಾಸ್ತ್ರದವರೂ ಸಂಸ್ಕೃತದವರೂ ಜಗಳಕ್ಕೆ ನಿಂತಾಗ, ಚುನಾವಣೆಯ ಮಾತು ಬಿಸಿಯೇರಿದಾಗ, ಯಾವ ಊರಿನ ಇತಿಹಾಸ ಹಳೆಯದು ಎಂಬ ತಕರಾರು ಎದ್ದಾಗ, ಎಲ್ಲರೂ ಕೊನೆಗೆ ನನ್ನ ಕಡೆ ತಿರುಗುತ್ತಿದ್ದರು. ನಾನು ಈ ಒಂದು ಮಾತು ಹೇಳಿದರೆ ಎಲ್ಲರೂ ನಕ್ಕು ಎದ್ದುಹೋಗುತ್ತಿದ್ದರು. ಇವರು ದೊಡ್ಡ ಮನಸ್ಸಿನವರು ಎಂದು ನನಗೆ ಹೆಸರು ಬಂದಿತ್ತು. ನಾನೂ ಅದನ್ನು ನಂಬಿದ್ದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಬದಾಮಿಯ ನಮ್ಮ ಮನೆಯಲ್ಲಿ ಅಪ್ಪ, ಅವ್ವ ದಿನಾ ಒಂದಿಲ್ಲೊಂದಕ್ಕೆ ಜಗಳಾಡುತ್ತಿದ್ದರು. ಅಪ್ಪ ತಹಶೀಲ ಕಚೇರಿಯಲ್ಲಿ ಜವಾನ. ಅವ್ವ ನಾಲ್ಕು ಮನೆಯ ಬಟ್ಟೆ ಗಂಟು ಕಟ್ಟಿಕೊಂಡು ಹೊಂಡಕ್ಕೆ ಹೋಗಿ ಒಗೆದು ತರುತ್ತಿದ್ದಳು. ಜಗಳ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನ್ನನ್ನು ಕರೆದು, ನೀನೇ ಹೇಳು ಯಾರದು ಖರೆ ಎಂದು ಕೇಳುತ್ತಿದ್ದರು. ಆರೇಳು ವರ್ಷದ ನಾನು ಇಬ್ಬರದೂ ಖರೆ ಎನ್ನುತ್ತಿದ್ದೆ. ಅಪ್ಪನ ಹತ್ತಿರ ಪೆಪ್ಪರಮೆಂಟು, ಅವ್ವನ ಹತ್ತಿರ ಬೆಲ್ಲ ಸಿಗುತ್ತಿತ್ತು. ಮುಂದೆ ಅದಕ್ಕೆ ತತ್ವಶಾಸ್ತ್ರದ ಅಂಗಿ ತೊಡಿಸಿದೆನಷ್ಟೆ.

ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕನನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಅಕ್ಕ ಏಳನೆಯ ಇಯತ್ತೆಗೆ ಸಾಲಿ ಬಿಟ್ಟಳು. ಆಗ ಏಳನೆಯದಕ್ಕೆ ದೊಡ್ಡ ಪರೀಕ್ಷೆ ಇರುತ್ತಿತ್ತು. ಮುಲ್ಕಿ ಪರೀಕ್ಷೆ ಎನ್ನುತ್ತಿದ್ದರು. ಅದರಲ್ಲಿ ಅಕ್ಕ ನಪಾಸಾದಳು, ಹಾಗಾಗಿ ಮನೆಯಲ್ಲಿ ಕೂತಳು, ಮೂರು ವರ್ಷದ ನಂತರ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಹೋದಳು ಎಂಬುದು ನಮ್ಮ ಮನೆಯ ಕತೆ. ಬಂದುಹೋದವರಿಗೆಲ್ಲ ಅಪ್ಪ ಇದನ್ನೇ ಹೇಳುತ್ತಿದ್ದ. ಫಲಿತಾಂಶದ ದಿನ ಅಕ್ಕ ಒಳಮನೆಯ ಜೋಳದ ಚೀಲಕ್ಕೆ ಮುಖ ಹಚ್ಚಿ ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ದರಿಂದ ಆ ಕತೆಯ ಬಗ್ಗೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ನಾನು ನಿವೃತ್ತನಾದೆ. ಕಾಲೇಜಿನ ಬೀಳ್ಕೊಡುಗೆ ಸಮಾರಂಭಕ್ಕೆ ಅಕ್ಕ ಇಳಕಲ್ಲಿನಿಂದ ಬಂದಿದ್ದಳು. ತಾನೇ ನೇಯ್ದ, ದಾಳಿಂಬೆ ಬಣ್ಣದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮಾತನಾಡಲು ನಿಂತಾಗ ನನಗೆ ಅವಳ ಮುಖ ಕಂಡಿತು, ಹೃದಯ ತುಂಬಿ ಬಂತು. ಬರೆದುಕೊಂಡ ಚೀಟಿ ಪಕ್ಕಕ್ಕಿಟ್ಟು, ನನ್ನ ಅಕ್ಕ ಇಲ್ಲಿದ್ದಾಳೆ, ಆಕೆ ಮುಲ್ಕಿ ಪರೀಕ್ಷೆಯಲ್ಲಿ ನಪಾಸಾದವಳು, ಆದರೆ ಬದುಕಿನ ಪರೀಕ್ಷೆಯಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಪಡೆದವಳು ಎಂದೆ. ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಪ್ರಾಚಾರ್ಯರು ಅಕ್ಕನನ್ನು ವೇದಿಕೆಗೆ ಕರೆದು ಹಣ್ಣಿನ ಬುಟ್ಟಿ ಕೊಟ್ಟರು. ಅಕ್ಕ ಬುಟ್ಟಿ ಹಿಡಿದುಕೊಂಡು ನಿಂತಳು. ನಗಲಿಲ್ಲ. ಸಂಕೋಚವಿರಬೇಕು ಅಂದುಕೊಂಡೆ.

ಮರುದಿನ ಮುಂಜಾನೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅಕ್ಕ ಬಟ್ಟಲು ಕೆಳಗಿಟ್ಟು ಹೇಳಿದಳು.

"ತಮ್ಮಾ, ನಾ ಪಾಸಾಗಿದ್ದೆ."

ನನಗೆ ಮೊದಲು ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಸಾಲಿಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಹೆಡ್ ಮಾಸ್ತರರು ಪಾಸಾದವರ ಹೆಸರು ಓದಿದ್ದರು. ತನ್ನ ಹೆಸರು ಕೇಳಿ ಮನೆತನಕ ಓಡಿಬಂದಿದ್ದಳು. ಸಂಜೆ ಅಪ್ಪ ಕಚೇರಿಯಿಂದ ಬಂದವನು, ಓದಿದ್ದು ಸಾಕು, ಇನ್ನು ಮನೆಯಲ್ಲಿರು ಎಂದಿದ್ದ. ಜೋಳದ ಚೀಲಕ್ಕೆ ಮುಖ ಹಚ್ಚಿ ಅತ್ತದ್ದು ಅದಕ್ಕೆ. ಎಂಟು ದಿನದ ಮೇಲೆ ಅಪ್ಪ ಯಾರಿಗೋ, ಹುಡುಗಿ ನಪಾಸಾತ್ರಿ ಎಂದು ಹೇಳುವುದು ಅವಳ ಕಿವಿಗೆ ಬಿದ್ದಿತ್ತು. ಅವ್ವ ಪಕ್ಕದಲ್ಲೇ ಕೂತು ಅಕ್ಕಿ ಹಸನು ಮಾಡುತ್ತಿದ್ದಳಂತೆ. ಒಂದು ಮಾತೂ ಆಡಲಿಲ್ಲವಂತೆ.

ನಾನು ಏನು ಹೇಳಬೇಕಿತ್ತು? ಆದರೆ ಬಾಯಿಗೆ ಮೂವತ್ತು ವರ್ಷದ ರೂಢಿ. "ಅಕ್ಕಾ, ನಿನಗ ಹಂಗ ನೆನಪೈತಿ, ಅಪ್ಪಗ ಹಿಂಗ ನೆನಪಿತ್ತು. ಭಾಳ ಹಳೀ ಮಾತು. ನಿನ್ನ ಖರೆ ನಿನಗ, ಅಪ್ಪನ ಖರೆ ಅಪ್ಪಗ. ಇಬ್ಬರದೂ ಖರೇನ" ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನೀ ಸುಳ್ಳು ಹೇಳಾಕತ್ತಿ ಅಂತ ಅಂದಿದ್ರ ನಿನ್ನ ಕೂಡ ಜಗಳಾನರ ಆಡತಿದ್ದೆ. ಎಲ್ಲಾರದೂ ಖರೆ ಅಂದಬಿಟ್ಟಿ. ಅಂದ್ರ ನನ್ನ ಮಾತು ಯಾರೂ ಕೇಳೂ ಜರೂರಿಲ್ಲ ಅಂದಂಗಾತು."

ಅಷ್ಟು ಹೇಳಿ ಚೀಲ ತೆಗೆದುಕೊಂಡು ಎದ್ದಳು. ನಾಷ್ಟಾ ಮಾಡಿಕೊಂಡು ಹೋಗಬೇಕು ಎಂದು ಹೆಂಡತಿ ತಡೆದಳು. ನಿಲ್ಲಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದು ಸ್ಕೂಟರ್ ತೆಗೆದರೆ, ಆಟೋ ಕೈಮಾಡಿ ಹತ್ತಿದಳು.

ಆಮೇಲೆ ಮೂರು ವಾರ ಅಕ್ಕನ ಫೋನು ಬರಲಿಲ್ಲ. ನಾನು ಮಾಡಿದರೆ ಮನೆಯವರು ಯಾರಾದರೂ ಎತ್ತುತ್ತಿದ್ದರು. ಅಕ್ಕ ಮಗ್ಗದಲ್ಲಿದ್ದಾಳೆ ಎನ್ನುತ್ತಿದ್ದರು. ಮೊದಮೊದಲು ನನಗೂ ಸಿಟ್ಟಿತ್ತು. ಅವಳ ಮಾತನ್ನು ನಾನು ಒಪ್ಪಿದ್ದೆನಲ್ಲ, ಇನ್ನೇನು ಬೇಕಿತ್ತು ಎನಿಸುತ್ತಿತ್ತು. ಒಪ್ಪಿರಲಿಲ್ಲ ಎಂಬುದು ನಿಧಾನಕ್ಕೆ ತಿಳಿಯಿತು. ನಾನು ಅವಳ ಮಾತನ್ನು ತೂಗಿಯೇ ನೋಡಿರಲಿಲ್ಲ.

ಸಂಜೆ ನಾನು ವಾಕಿಂಗಿಗೆ ಹೋಗುವಾಗ ಜೊತೆಗೊಬ್ಬ ಗೆಳೆಯ ಬರುತ್ತಾನೆ. ಭೂಮಾಪನ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು, ಹುನಗುಂದ ತಾಲೂಕಿನ ಮರೋಳದ ಕಡೆಯವನು. ಆಣೆಕಟ್ಟೆಯ ನೀರಿಗೆ ಮುಳುಗಡೆಯಾಗುವ ಹೊಲಗಳನ್ನೆಲ್ಲ ಸರಪಳಿ ಹಿಡಿದು ಅಳೆದವನು. ಅವನಿಗೆ ನಾನು ಅಕ್ಕನ ಮಾತೆಂದು ಹೇಳದೆ ಸುತ್ತಿಬಳಸಿ ಕೇಳಿದೆ. ಇಬ್ಬರು ಒಂದೇ ಸಂಗತಿಯನ್ನು ಎರಡು ತರಹ ಹೇಳಿದರೆ, ಇಬ್ಬರೂ ಮನಸಾರೆ ನಂಬಿ ಹೇಳಿದರೆ, ಯಾರದು ಖರೆ ಎನ್ನಬೇಕು?

ಅವನು ನಡಿಗೆ ನಿಲ್ಲಿಸದೆ ಹೇಳಿದ: "ಸರ, ನಾವು ಮೋಜಣಿಗೆ ಹೋದಾಗ ದಿನಾ ಇದ ಇರತಿತ್ತು. ಇಬ್ಬರೂ ದೇವರ ಮ್ಯಾಲೆ ಆಣಿ ಮಾಡೂರು. ಇಬ್ಬರೂ ಬೇಕಂತ ಸುಳ್ಳು ಹೇಳಾಕತ್ತಿಲ್ಲ ಅನ್ನೂದು ಮಾರಿ ನೋಡಿದ್ರ ತಿಳೀತಿತ್ತು. ಆದ್ರ ಹೊಲದ ಗಡಿ ತೋರಸೂ ಬಾಂದಗಲ್ಲು ಅವರ ಮಾರಿಯಾಗ ಇರೂದಿಲ್ರಿ. ಭೂಮ್ಯಾಗ ಇರತೈತಿ."

"ಅಗದರೂ ಕಲ್ಲು ಸಿಗದಿದ್ರ?"

"ಸಿಗಲಿಲ್ಲ ಅಂತ ಬರೀತಿದ್ದೆ. ಇಲ್ಲ ಅಂತ ಬರೀತಿದ್ದಿಲ್ಲ."

ಮನೆಗೆ ಬಂದರೂ ಆ ಮಾತು ಬಿಡಲಿಲ್ಲ. ನಾನು ಕರಿಹಲಗೆಯ ಮೇಲೆ ಮೂವತ್ತು ಸಲ ಬರೆದಿದ್ದೂ ಅದನ್ನೇ. ದೇವರ ಬಗ್ಗೆ, ರುಚಿಯ ಬಗ್ಗೆ, ಯಾವ ಹಾಡು ಚಂದ ಎಂಬುದರ ಬಗ್ಗೆ ಅವರವರ ಖರೆ ಅವರವರಿಗೆ ಎಂದರೆ ಯಾರಿಗೂ ನಷ್ಟವಿಲ್ಲ, ಎಷ್ಟೋ ಸಲ ಲಾಭವೇ ಇದೆ. ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಒಂದು ಪರೀಕ್ಷೆ ಪಾಸಾದಳೋ ಇಲ್ಲವೋ? ಅದಕ್ಕೆ ಎರಡು ಉತ್ತರ ಇರಲು ಸಾಧ್ಯವಿಲ್ಲ. ನೆಲದಲ್ಲಿ ಒಂದು ಕಲ್ಲು ಇದ್ದೇ ಇದೆ. ಅಗೆಯುವ ತೊಂದರೆ ತೆಗೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ, ಅಷ್ಟೇ.

ಆ ಭಾನುವಾರ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡೆ. ಅಕ್ಕ ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಬಾ ಎಂದಳು, ಕೆಲಸ ನಿಲ್ಲಿಸಲಿಲ್ಲ. ಒಂದೆಳೆ ತಪ್ಪಿದರೆ ಮತ್ತೆ ಬಿಚ್ಚಬೇಕು. ನಾನು ಚಾಪೆಯ ಮೇಲೆ ಕೂತು ಕಾದೆ. ಮುಕ್ಕಾಲು ತಾಸು ಕಳೆದಿರಬೇಕು. ಆಮೇಲೆ, ಬದಾಮಿಗೆ ಹೋಗಿ ಸಾಲಿಯ ದಾಖಲೆ ನೋಡೋಣವೇನು ಎಂದು ಕೇಳಿದೆ.

ಅಕ್ಕನ ಕೈ ನಿಂತಿತು.

ನಾನು ನನಗೇ ಬೇಡವಾಗಿದ್ದ ಮಾತನ್ನೂ ಆಡಿದೆ. ಒಂದು ವೇಳೆ ಅದರಲ್ಲಿ ಬೇರೆ ತರಹ ಬರೆದಿದ್ದರೆ ಬೇಸರ ಮಾಡಿಕೊಳ್ಳಬಾರದು ಎಂದೆ.

"ನಪಾಸು ಅಂತ ಇದ್ರ ನಪಾಸು ಅಂತ ಓದಿ ಬರ್ತೇನಿ" ಎಂದಳು ಅಕ್ಕ. "ಅದಕ್ಕ ಅಂಜಿ ಕುಂತ್ರ ನನಗೂ ನಿನಗೂ ಏನು ಫರಕು?"

ಮರುವಾರ ಇಬ್ಬರೂ ಬದಾಮಿಗೆ ಹೋದೆವು. ನಾವು ಕಲಿತ ಸಾಲಿಗೆ ಈಗ ಹೊಸ ಕೋಣೆಗಳಾಗಿವೆ, ಬೇವಿನ ಗಿಡ ಹೋಗಿದೆ. ಹಿಂದಿನ ಕೆಂಪು ಗುಡ್ಡ ಮತ್ತು ಮಂಗಗಳು ಮಾತ್ರ ಹಾಗೇ ಇವೆ. ಮುಖ್ಯ ಶಿಕ್ಷಕಿ ನಲವತ್ತರ ಆಸುಪಾಸಿನ ಹೆಣ್ಣುಮಗಳು. ಮಂಗಗಳ ಕಾಟಕ್ಕೆ ಕಚೇರಿಯ ಕಿಟಕಿಗೆ ಜಾಲರಿ ಹೊಡೆಸಿ, ಬಾಗಿಲು ಮುಚ್ಚಿಕೊಂಡು ಕೂತಿದ್ದರು. ನಾನು ನಿವೃತ್ತ ಉಪನ್ಯಾಸಕ ಎಂದು ಪರಿಚಯ ಹೇಳಿ ಕಾರಣ ವಿವರಿಸತೊಡಗಿದೆ. ಅವರಿಗೆ ಗೊಂದಲವಾಯಿತು. ಪಿಂಚಣಿಗೋ, ಜಾತಿ ಪ್ರಮಾಣಪತ್ರಕ್ಕೋ ಎಂದು ಕೇಳಿದರು. ಆಗ ಅಕ್ಕ ನೇರವಾಗಿ, "ನಾ ಪಾಸೋ ನಪಾಸೋ ನೋಡಬೇಕ್ರಿ ಅಕ್ಕೋರ" ಎಂದಳು.

ಮುಖ್ಯ ಶಿಕ್ಷಕಿ ಒಂದು ಕ್ಷಣ ಅವಳ ಮುಖ ನೋಡಿ ಎದ್ದರು. ತಾವೇ ಕುರ್ಚಿ ಹತ್ತಿ ಕಪಾಟಿನ ಮೇಲಿನ ಗಂಟುಗಳನ್ನು ಇಳಿಸಿದರು. ಹಳೆಯ ದಾಖಲಾತಿ ಪುಸ್ತಕಗಳು, ಕೆಂಪು ಬಟ್ಟೆಯಲ್ಲಿ ಕಟ್ಟಿದ್ದವು. ಧೂಳಿಗೆ ಮೂವರೂ ಸೀನಿದೆವು. ಅಕ್ಕನ ವರ್ಷ ಅಂದಾಜು ಹಚ್ಚಿ ಹುಡುಕಿದರೂ ಮೊದಲಿನ ಎರಡು ಪುಸ್ತಕದಲ್ಲಿ ಹೆಸರು ಸಿಗಲಿಲ್ಲ. ಮೂರನೆಯದರ ನಡುವಿನ ಹಾಳೆಗಳು ಗೆದ್ದಲು ತಿಂದು ಜಾಳುಜಾಳಾಗಿದ್ದವು. ನನಗೆ ಆಸೆ ಕೈಬಿಟ್ಟ ಹಾಗೇ ಆಯಿತು. ಅಕ್ಕ ಮಾತ್ರ ಬೆರಳು ಆಡಿಸುತ್ತ ಒಂದೊಂದೇ ಸಾಲು ಇಳಿಯುತ್ತಿದ್ದಳು. ಸಣ್ಣ ಎಳೆ ನೋಡಿ ನೋಡಿ ಪಳಗಿದ ಕಣ್ಣು. ಕೊನೆಗೆ ಬೆರಳು ಒಂದು ಕಡೆ ನಿಂತಿತು.

ಮುಖ್ಯ ಶಿಕ್ಷಕಿ ಗಟ್ಟಿಯಾಗಿ ಓದಿದರು. ಅಕ್ಕನ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು. ಏಳನೆಯ ಇಯತ್ತೆ. ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣ.

ಅಕ್ಕ ಅಳಲಿಲ್ಲ, ನಗಲೂ ಇಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ತಾನೇ ಓದಿದಳು. ಆಮೇಲೆ ಅಂಕಗಳು ಇರಬೇಕಲ್ಲ ಎಂದಳು. ಬೇರೆ ಪುಸ್ತಕದಲ್ಲಿ ಅವೂ ಸಿಕ್ಕವು. ದಾರಿಯುದ್ದಕ್ಕೂ ಅವಳು ನನಗೆ, ಲೆಕ್ಕದಲ್ಲಿ ತಾನೇ ಇಡೀ ವರ್ಗಕ್ಕೆ ಮೊದಲಿದ್ದೆ ಎಂದು ಹೇಳಿಕೊಂಡು ಬಂದಿದ್ದಳು. ನೋಡಿದರೆ ಲೆಕ್ಕದಲ್ಲಿ ಕೂದಲೆಳೆಯಷ್ಟರಲ್ಲಿ ಪಾಸಾಗಿದ್ದಳು. ಕನ್ನಡದಲ್ಲಿ ಒಳ್ಳೆಯ ಅಂಕಗಳಿದ್ದವು. ಅಕ್ಕ ಜೋರಾಗಿ ನಕ್ಕುಬಿಟ್ಟಳು. "ಇದು ನಾ ಕಟ್ಟಿಕೊಂಡ ಕತಿ ನೋಡು" ಎಂದಳು. ಐವತ್ತು ವರ್ಷ ಒಬ್ಬಳೇ ಹೊತ್ತುಕೊಂಡು ಬಂದದ್ದರಲ್ಲಿ ಒಂದು ತಪ್ಪೆಂದು ಗೊತ್ತಾದಾಗ ಯಾರಾದರೂ ಇಷ್ಟು ಹಗುರಾಗಿ ನಗಬಹುದೆಂದು ನನಗೆ ತಿಳಿದಿರಲಿಲ್ಲ. ನನ್ನ ಕಾಲೇಜಿನಲ್ಲಿ ಇಂಥ ನಗೆಯನ್ನು ನಾನು ಕಂಡಿಲ್ಲ.

ಎದ್ದು ಹೊರಡಬೇಕು, ಅಷ್ಟರಲ್ಲಿ ಮುಖ್ಯ ಶಿಕ್ಷಕಿ ದಾಖಲಾತಿ ಪುಸ್ತಕದ ಕೊನೆಯ ಅಂಕಣಕ್ಕೆ ಬೆರಳಿಟ್ಟರು. "ಇಲ್ಲೆ ಎಲ್.ಸಿ. ಒಯ್ದಾರ ಅಂತ ಐತ್ರಿ. ಮುಂದಿನ ಸಾಲಿಗೆ ಹೆಸರು ಹಚ್ಚಾಕ ಅಂತ ಬರದಾರ" ಎಂದರು.

ಎಲ್.ಸಿ. ಎಂದರೆ ಸಾಲಿ ಬಿಟ್ಟ ದಾಖಲೆ. ಅದನ್ನು ಒಯ್ಯದೆ ಹೈಸ್ಕೂಲಿಗೆ ಸೇರಲು ಬರುವುದಿಲ್ಲ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಪ್ಪ ಯಾಕೆ ಒಯ್ಯುತ್ತಾನೆ? ಮುಖ್ಯ ಶಿಕ್ಷಕಿ ಇನ್ನೊಂದು ಗಂಟು ಬಿಚ್ಚಿ, ಕೊಟ್ಟ ದಾಖಲೆಗಳ ಉಳಿಕೆ ಪ್ರತಿಗಳಿರುವ ಪುಸ್ತಕ ತೆಗೆದರು. ಅಕ್ಕನ ಹೆಸರಿನ ಹಾಳೆಯ ಕೆಳಗೆ ಪಡೆದವರ ಸಹಿಯ ಜಾಗದಲ್ಲಿ ಸಹಿ ಇರಲಿಲ್ಲ. ಹೆಬ್ಬೆಟ್ಟಿತ್ತು. ಪಕ್ಕದಲ್ಲಿ ಮಾಸ್ತರರ ಮೋಡಿ ಅಕ್ಷರದಂಥ ಬರಹದಲ್ಲಿ, ಹುಡುಗಿಯ ತಾಯಿ ಎಂದಿತ್ತು.

ಅಪ್ಪನಿಗೆ ಸಹಿ ಬರುತ್ತಿತ್ತು. ಸಹಿ ಬರುತ್ತದೆಂಬ ಹೆಮ್ಮೆ ಅವನಿಗೆ ಬಹಳ ಇತ್ತು. ಹೆಬ್ಬೆಟ್ಟು ಒತ್ತುತ್ತಿದ್ದವಳು ಅವ್ವ.

ಅಕ್ಕ ತನ್ನ ಹೆಬ್ಬೆರಳನ್ನು ಆ ನೀಲಿ ಗುರುತಿನ ಪಕ್ಕ ಇಟ್ಟಳು, ಮುಟ್ಟಿಸಲಿಲ್ಲ. ಅವ್ವನದು ಸಣ್ಣ ಹೆಬ್ಬೆರಳು. ಅಕ್ಕ ತವರಿಗೆ ಬರುವುದು ಕಡಿಮೆ ಮಾಡಿದ್ದು, ಬಂದರೂ ಅವ್ವನ ಹತ್ತಿರ ಬಿಗಿಯಾಗಿ ಇರುತ್ತಿದ್ದುದು ನಮಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೆ ಕಾರಣ ಕೇಳಿದವರು ಯಾರೂ ಇರಲಿಲ್ಲ. ಅವ್ವ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು.

ಮುಖ್ಯ ಶಿಕ್ಷಕಿ ಆ ಎರಡೂ ಹಾಳೆಗಳ ನಕಲು ಮಾಡಿಸಿ, ಸಾಲಿಯ ಸಿಕ್ಕಾ ಒತ್ತಿ ಕೊಟ್ಟರು. ನಾವು ಹೊರಗೆ ಬಂದು ಹೊಂಡದ ಮೆಟ್ಟಿಲ ಮೇಲೆ ಕೂತೆವು. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಡಿಗೆಯ ಸಪ್ಪಳ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು.

"ಹೋಗಿ ಎಲ್.ಸಿ. ತಂದಾಳ. ಮತ್ತ ನನಗ ಯಾಕ ಹೇಳಲಿಲ್ಲ?" ಎಂದಳು ಅಕ್ಕ.

ನಾನು ಶುರುಮಾಡಿದೆ. ಅಪ್ಪ ಬೈದಿರಬಹುದು, ಕಾಗದ ಹರಿದುಹಾಕಿರಬಹುದು. ಅಥವಾ ಹೈಸ್ಕೂಲಿನವರು ಅಪ್ಪನ ಸಹಿಯೇ ಬೇಕು ಅಂದಿರಬಹುದು. ಅಥವಾ ಹೇಳಿದರೆ ನಿನಗೆ ಮತ್ತಷ್ಟು ಸಂಕಟವಾಗುತ್ತದೆ ಎಂದು ಅವ್ವ ಸುಮ್ಮನಾಗಿರಬಹುದು. ಅಪ್ಪನಿಗಾದರೂ, ಪಾಸಾದ ಮಗಳನ್ನು ಬಿಡಿಸಿದೆ ಎನ್ನಲು ಕಚೇರಿಯಲ್ಲಿ ನಾಚಿಕೆಯಾಗಿ ನಪಾಸು ಅಂದಿರಬೇಕು. ಇನ್ನೂ ಹೇಳುವವನಿದ್ದೆ. ಅಕ್ಕ ಕೈಯೆತ್ತಿ ತಡೆದಳು.

"ಇದರಾಗ ನಿನಗ ಯಾವುದು ಗೊತ್ತೈತಿ?"

"ಯಾವುದೂ ಇಲ್ಲ."

"ಹಂಗಾರ ಗೊತ್ತಿಲ್ಲ ಅನ್ನು. ಗೊತ್ತಿಲ್ಲ ಅನ್ನೂದೂ ಖರೇನ ಮಾತು." ಕೈಯಲ್ಲಿದ್ದ ನಕಲು ಮಡಚುತ್ತ ಹೇಳಿದಳು, "ಅವ್ವ ಆ ಸಾಲಿತನಕಾ ನಡಕೊಂತ ಹೋಗಿದ್ಲು. ಅಷ್ಟು ಗೊತ್ತಾತು. ನನಗ ಅಷ್ಟು ಸಾಕು."

ಆಮೇಲೆ ಅವಳು ಅತ್ತಳು. ನಾನೂ ಅತ್ತೆ. ಬಟ್ಟೆ ಒಗೆಯುತ್ತಿದ್ದ ಒಬ್ಬಾಕೆ ತಿರುಗಿ ನೋಡಿ, ಮತ್ತೆ ತನ್ನ ಕೆಲಸಕ್ಕೆ ಹತ್ತಿದಳು. ನಾನು ಅಕ್ಕನಿಗೆ, ತುಂಬಿದ ಸಭೆಯಲ್ಲಿ ಸುಳ್ಳು ಹೇಳಿದೆ, ತಪ್ಪಾಯಿತು ಎಂದೆ. ಸುಳ್ಳು ಅಂತ ಗೊತ್ತಿದ್ದು ಹೇಳಲಿಲ್ಲವಲ್ಲ ಎಂದಳು. ಗೊತ್ತುಮಾಡಿಕೊಳ್ಳಲಿಲ್ಲ, ಅದು ನನ್ನ ತಪ್ಪು ಎಂದೆ. ಅದಕ್ಕೆ ಅವಳು ಹೂಂ ಎಂದಳು. ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ನಪಾಸಾದದ್ದನ್ನು ಕಿವಿಯಿಂದ ಕೇಳಿದ್ದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಐವತ್ತು ವರ್ಷ ನನ್ನ ನೆನಪು ಎಂದು ಹೇಳಿಕೊಂಡಿದ್ದೆ.

ಆ ದಿನ ಊಟಕ್ಕೆ ಮಹಾಕೂಟಕ್ಕೆ ಹೋಗೋಣ ಎಂದು ಅಕ್ಕನೇ ಹೇಳಿದಳು. ಅಲ್ಲಿ ರೊಟ್ಟಿ ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಖಡಕ್ ರೊಟ್ಟಿ, ಕಾಳುಪಲ್ಯ, ಮೊಸರು ತೆಗೆದುಕೊಂಡು ಗಿಡದ ಕೆಳಗೆ ಉಂಡೆವು. ಅವ್ವನ ಬಗ್ಗೆ ಅಕ್ಕ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವನ ಕೈಯ ಚಟ್ನಿ, ಅವ್ವ ಒಗೆದ ಬಟ್ಟೆ ಒಣಗಿಸುತ್ತ ಹಾಡುತ್ತಿದ್ದ ಪದಗಳು, ಅವ್ವನ ನಡಿಗೆ.

ಮಳೆಗಾಲ ಕಳೆದ ಮೇಲೆ ಕಾಲೇಜಿನವರು ಹೊಸ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದರು. ಅದೇ ವೇದಿಕೆ. ಇಲ್ಲಿ ನಿಂತು ನಾನು ಒಂದು ತಪ್ಪು ಮಾತು ಹೇಳಿದ್ದೆ, ನನ್ನ ಅಕ್ಕ ಮುಲ್ಕಿ ಪಾಸಾದವಳು, ಅವಳನ್ನು ಸಾಲಿಯಿಂದ ಬಿಡಿಸಲಾಯಿತು ಎಂದು ಹೇಳಿದೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಸಭೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, ತಮ್ಮ ಅಜ್ಜಿ ಸಾಲಿ ಯಾಕೆ ಬಿಟ್ಟರೆಂದು ತಾನೂ ಇವತ್ತು ಕೇಳುತ್ತೇನೆ ಎಂದಳು. ಮನೆಯಲ್ಲಿ ಏನು ಹೇಳುತ್ತಾರೋ ಅದನ್ನಲ್ಲ, ಅಜ್ಜಿಯನ್ನೇ ಕೇಳು ಎಂದೆ.

ಈಗ ಪ್ರತಿ ಭಾನುವಾರ ಅಕ್ಕನ ಫೋನು ಬರುತ್ತದೆ. ನಮ್ಮ ಮನೆಯ ಹಳೆಯ ಕತೆಗಳನ್ನು ಒಂದೊಂದಾಗಿ ತೆಗೆಯುತ್ತೇವೆ. ಯಾವುದು ಕಂಡದ್ದು, ಯಾವುದು ಕೇಳಿದ್ದು, ಯಾವುದು ನಾವೇ ಸೇರಿಸಿದ್ದು ಎಂದು ಬೇರೆ ಮಾಡುತ್ತೇವೆ. ಕೆಲವು ಸಲ ನಾನು ಸೋಲುತ್ತೇನೆ, ಕೆಲವು ಸಲ ಅವಳು. ಅರ್ಧಕ್ಕರ್ಧ ಸಂಗತಿಗಳಿಗೆ ಗೊತ್ತಿಲ್ಲ ಎಂದು ಬಿಟ್ಟು ಮುಂದೆ ಹೋಗುತ್ತೇವೆ. ಇಷ್ಟೊಂದು ಮಾತು ನಾವಿಬ್ಬರೂ ಇಡೀ ಜೀವಮಾನದಲ್ಲಿ ಆಡಿರಲಿಲ್ಲ.

ಕಳೆದ ವಾರ ತಕರಾರು ಬಂದದ್ದು ಒಂದು ಆಡಿನ ಬಗ್ಗೆ. ನಮ್ಮ ಮನೆಯಲ್ಲಿದ್ದ ಆಡು ಕರಿಯದು ಎಂದು ನಾನು, ಬಿಳಿಯ ಕಿವಿಯ ಕಂದು ಆಡು ಎಂದು ಅವಳು. ಅರ್ಧ ತಾಸು ವಾದ ಮಾಡಿದೆವು. ಹುನಗುಂದದಲ್ಲಿ ನಮ್ಮ ಚಿಗವ್ವ ಇದ್ದಾಳೆ. ಎಂಬತ್ತು ದಾಟಿದ್ದರೂ ನೆನಪು ಗಟ್ಟಿ, ಆ ಆಡನ್ನು ಮೇಯಿಸಿದವಳು ಅವಳೇ. ಬರುವ ಶನಿವಾರ ಅಕ್ಕ ಇಳಕಲ್ಲಿನಿಂದ, ನಾನು ಬಾಗಲಕೋಟೆಯಿಂದ ಹೊರಟು ಅವಳ ಮನೆಯಲ್ಲಿ ಕೂಡುವುದೆಂದು ಠರಾವಾಗಿದೆ.